ಮರಳಿನ ಹೊಟ್ಟೆಯಲ್ಲಿ ನೀರು: ಕೀನ್ಯಾದಿಂದ ಮನೆಗೊಂದು ಕಾಗದ

ಪ್ರೀತಿಯ ಅಪ್ಪ, ಅಮ್ಮ, ಅಜ್ಜಿ,

ನಾನು ಆರಾಮಾಗಿದ್ದೇನೆ. ಅಮ್ಮ, ಊಟದ ಚಿಂತೆ ಬಿಡು, ಅದನ್ನೇ ಮೊದಲು ಹೇಳಿಬಿಡುತ್ತೇನೆ. ಬೆಳಿಗ್ಗೆ ಹಾಲು ಹಾಕಿ ಕುದಿಸಿದ ಟೀ, ಜೊತೆಗೆ ಚಪಾತಿ. ಹೌದು, ಚಪಾತಿನೇ, ನಮ್ಮ ದೇಶದಿಂದ ಬಂದು ನೆಲೆಸಿದವರಿಂದ ಇಲ್ಲಿಯವರು ಕಲಿತದ್ದು, ಈಗ ಅವರದ್ದೇ ಅಡುಗೆ ಆಗಿಹೋಗಿದೆ. ರಾತ್ರಿ ಉಗಾಲಿ, ಅಂದ್ರೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಜೊತೆಗೆ ಸೊಪ್ಪಿನ ಪಲ್ಯ. ಅಜ್ಜಿ, ರಾಗಿ ಗಂಜಿಯೂ ಸಿಗುತ್ತದೆ. ರಾಗಿ ಮೊದಲು ಬೆಳೆದದ್ದೇ ಪೂರ್ವ ಆಫ್ರಿಕಾದ ಎತ್ತರದ ನಾಡಿನಲ್ಲಿ, ಅಲ್ಲಿಂದ ಸಾವಿರಾರು ವರ್ಷದ ಹಿಂದೆ ನಮ್ಮ ಕಡೆಗೆ ಬಂತು. ಸ್ವೆಟರ್ ಹಾಕಿಕೊಂಡೇ ಇರುತ್ತೇನೆ. ನಾನಿರುವ ಮಚಾಕೋಸ್ ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿದೆ, ಜುಲೈ ಇಲ್ಲಿ ಚಳಿಗಾಲ.

ಅಪ್ಪ, ನೀವು ಫೋನಿನಲ್ಲಿ ಕೇಳಿದಿರಲ್ಲ, "ಹಾಲೆಂಡಿಗೆ ಓದೋಕೆ ಹೋದವನು ಆಫ್ರಿಕಾದ ಹಳ್ಳಿಯಲ್ಲಿ ಏನು ಮಾಡ್ತಿದ್ದೀಯ" ಅಂತ. ಆಗ ನೆಟ್‌ವರ್ಕ್ ಸರಿ ಇರಲಿಲ್ಲ. ಅದಕ್ಕೇ ಈಗ ಉದ್ದವಾಗಿ ಬರೆಯುತ್ತಿದ್ದೇನೆ.

ನಮ್ಮ ಕೋರ್ಸಿನವರು ಕೆಲವರು, ಜೊತೆಗೆ ಇಲ್ಲಿನ ಕಾಲೇಜುಗಳ ಹುಡುಗ ಹುಡುಗಿಯರು, ಎಲ್ಲ ಸೇರಿ ಹಳ್ಳಿ ಹಳ್ಳಿ ಸುತ್ತಿ ಜನ ತಾವೇ ಕಟ್ಟಿಕೊಂಡ ನೀರಿನ ಕೆಲಸ ನೋಡುತ್ತೇವೆ, ಅಳೆಯುತ್ತೇವೆ, ಕೆಲಸ ನಡೆಯುವ ಕಡೆ ಕೈಜೋಡಿಸುತ್ತೇವೆ. ಇದು ಕಂಬಾ ಜನರ ಸೀಮೆ. ನೋಡಿದರೆ ನಮ್ಮ ಮಧುಗಿರಿ, ಪಾವಗಡದ ಕಡೆಯೇ ಅನ್ನಿಸುತ್ತದೆ. ಕಲ್ಲುಗುಡ್ಡ, ಜಾಲಿ, ಕೆಂಪು ಮಣ್ಣು, ವರ್ಷದ ಹೆಚ್ಚಿನ ದಿನ ಒಣಗಿ ಬಿದ್ದಿರುವ ಹಳ್ಳ. ಮಳೆ ಬರುವುದು ಎರಡು ಸಲ, ಮಾರ್ಚಿನಿಂದ ಮೇ, ಆಮೇಲೆ ಅಕ್ಟೋಬರಿನಿಂದ ಡಿಸೆಂಬರ್. ಇಲ್ಲಿನ ರೈತರು ಜಾಸ್ತಿ ನಂಬುವುದು ಎರಡನೆಯದನ್ನು. ಮಳೆ ಬಂದಾಗ ಹಳ್ಳ ಭೋರ್ಗರೆದು ಹರಿಯುತ್ತದೆ, ನಿಂತ ಮೇಲೆ ಬರೀ ಮರಳು. ಹೆಂಗಸರು ಆ ಮರಳನ್ನೇ ಕೈಯಲ್ಲಿ ತೋಡಿ, ಒರತೆ ಮಾಡಿ, ತಂಬಿಗೆಯಲ್ಲಿ ಮೊಗೆದು 20 ಲೀಟರಿನ ಹಳದಿ ಕ್ಯಾನುಗಳಿಗೆ ತುಂಬುತ್ತಾರೆ. ಕತ್ತೆ ಇದ್ದವರು ಕತ್ತೆ ಮೇಲೆ ಹೇರುತ್ತಾರೆ, ಇಲ್ಲದವರು ಹಗ್ಗವನ್ನು ಹಣೆಗೆ ಕೊಟ್ಟು ಬೆನ್ನ ಮೇಲೆ ಹೊರುತ್ತಾರೆ. ಗುಡ್ಡ ಹತ್ತಿಕೊಂಡು.

ಇದಕ್ಕೆ ಅವರು ಕಂಡುಕೊಂಡ ದಾರಿ ಮರಳು ಕಟ್ಟೆ. ಹಳ್ಳದಲ್ಲಿ ತಳದ ಬಂಡೆ ಸಿಗುವ ಜಾಗ ನೋಡಿ, ಬಂಡೆಯ ಮೇಲೇ ಅಡ್ಡಕ್ಕೆ ಕಲ್ಲು ಸಿಮೆಂಟಿನ ಗೋಡೆ ಎಬ್ಬಿಸುತ್ತಾರೆ. ಮಳೆಗೆ ಹಳ್ಳ ಬಂದಾಗ ದಪ್ಪ ಮರಳು ಗೋಡೆಯ ಹಿಂದೆ ಕೂರುತ್ತದೆ, ಹಗುರ ಹೂಳು ನೀರಿನ ಜೊತೆ ಮೇಲಿಂದ ದಾಟಿಹೋಗುತ್ತದೆ. ಒಂದೆರಡು ಮೂರು ಮಳೆಗಾಲದಲ್ಲಿ ಗೋಡೆಯ ಎತ್ತರಕ್ಕೂ ಮರಳು ತುಂಬುತ್ತದೆ. ನೋಡಿದವರು ಕಟ್ಟೆ ಹಾಳಾಯಿತು, ಹೂಳು ತುಂಬಿತು ಅಂದುಕೊಳ್ಳಬೇಕು, ಹಾಗಿರುತ್ತದೆ. ಆದರೆ ಆ ಮರಳಿನ ಗಾತ್ರದಲ್ಲಿ ಶೇಕಡಾ 25ರಿಂದ 40ರಷ್ಟು ನೀರೇ ಇರಬಹುದು! ಮೇಲಿನ ಎರಡು ಮೂರು ಅಡಿ ಒಣಗುತ್ತದೆ, ಅದರ ಕೆಳಗಿನ ನೀರನ್ನು ಬಿಸಿಲು ಮುಟ್ಟುವುದಿಲ್ಲ. ಸೊಳ್ಳೆ ಮೊಟ್ಟೆ ಇಡಲು ಜಾಗವಿಲ್ಲ, ದನ ಇಳಿದು ಕೆಡಿಸುವ ಹಾಗಿಲ್ಲ, ಮರಳೇ ನೀರನ್ನು ಸೋಸುತ್ತದೆ. ಕೆಲವು ಕಡೆ ಗೋಡೆಯೊಳಗಿಂದ ಪೈಪು ಹಾಕಿ ಕೆಳಗೆ ನಲ್ಲಿ ಇಟ್ಟಿದ್ದಾರೆ, ಕೆಲವು ಕಡೆ ದಡದಲ್ಲಿ ಬಾವಿ, ಅದಕ್ಕೆ ಕೈಪಂಪು.

ಅಜ್ಜಿ, ನೀನು ಹೇಳುತ್ತಿದ್ದ ತಲಪರಿಗೆ ನೆನಪಾಗದೆ ಇರುತ್ತದಾ? ಮರಳು ಬಗೆದರೆ ನೀರು ಜಿನುಗುತ್ತಿತ್ತು, ಕಾಲುವೆ ತೋಡಿ ಗದ್ದೆಗೆ ಬಿಡುತ್ತಿದ್ದೆವು, ಬೇಸಿಗೆಗೆ ಮುಂಚೆ ಊರವರೆಲ್ಲ ಇಳಿದು ಸ್ವಚ್ಛ ಮಾಡುತ್ತಿದ್ದರು ಅಂತ. ಇಲ್ಲಿಯ ಹುಡುಗಿಯರಿಗೆ ಅದನ್ನೆಲ್ಲ ಹೇಳಿದೆ. ಒಬ್ಬಳು, "ಈಗಲೂ ಇದೆಯಾ?" ಅಂದಳು. ಕೆಲವು ಕಡೆ ಇದೆ, ನಮ್ಮೂರಲ್ಲಿ ಇಲ್ಲ ಅಂದೆ. ಯಾಕೆ ಅಂತ ಕೇಳಿದಳು. ಬೋರ್‌ವೆಲ್ಲು, ಆಮೇಲೆ ಮರಳಿನ ಲಾರಿ, ಎರಡನ್ನೂ ಹೇಳಿದೆ.

ಕಟ್ಟೆಗಿಂತ ಜಾಸ್ತಿ ನನ್ನ ಮನಸ್ಸಿನಲ್ಲಿ ಕೂತಿರುವುದು ಕಟ್ಟುವ ರೀತಿ. ಇಲ್ಲಿ ಮ್ವೆತ್ಯಾ ಅಂತ ಹಳೇ ಪದ್ಧತಿ ಇದೆ, ನಮ್ಮ ಮುಯ್ಯಾಳಿನ ಹಾಗೆ. ಇವತ್ತು ನಿನ್ನ ಹೊಲಕ್ಕೆ ಎಲ್ಲರೂ, ನಾಳೆ ನನ್ನ ಹೊಲಕ್ಕೆ. ಆ ಪದ್ಧತಿಯ ಮೇಲೇ ಈಗ ಸಂಘಗಳು ನಿಂತಿವೆ, ಸದಸ್ಯರಲ್ಲಿ ಹೆಂಗಸರೇ ಜಾಸ್ತಿ. ಕಟ್ಟೆ ಎಲ್ಲಿ ಬೇಕು ಅಂತ ಸಂಘ ನಿರ್ಧರಿಸುತ್ತದೆ. ಕಲ್ಲು, ಮರಳು, ನೀರು, ಆಳು ಊರಿನದ್ದು. ಸಿಮೆಂಟು, ಕಬ್ಬಿಣ, ಮೇಸ್ತ್ರಿ, ಎಂಜಿನಿಯರು ಹೊರಗಿನ ಸಂಸ್ಥೆಯಿಂದ. ಹಾಜರಿ ಪುಸ್ತಕ ಇದೆ, ಹೇಳದೆ ಕೇಳದೆ ತಪ್ಪಿಸಿಕೊಂಡರೆ ದಂಡ. ನಾವು ಹೋದ ಒಂದು ಕಡೆ ಕಲ್ಲು ಗುಡ್ಡೆ ಹಾಕಿ ಮುಗಿದ ಮೇಲೇ ಸಿಮೆಂಟಿನ ಲಾರಿ ಬಂದದ್ದು. ಕಲ್ಲು ಸೇರಿಸದ ಊರಿಗೆ ಸಿಮೆಂಟು ಬರುವುದಿಲ್ಲ, ಅಷ್ಟೇ. ಈ ಕ್ರಮ ತುಂಬಾ ಸರಿ ಅಂತ ನನಗೆ ಅನ್ನಿಸಿತು.

ಇದು ಇವತ್ತು ನಿನ್ನೆಯದಲ್ಲ. ಇದೇ ಮಚಾಕೋಸ್ ಸೀಮೆಯ ಉಟೂನಿಯಲ್ಲಿ ಜೋಶುವಾ ಮುಕುಸ್ಯಾ ಅನ್ನುವವರು 1978ರಲ್ಲಿ ನೆರೆಹೊರೆಯ ಕೆಲವು ಮನೆಯವರನ್ನು ಸೇರಿಸಿಕೊಂಡು ಇಂಥ ಸಂಘ ಶುರು ಮಾಡಿದರು. ಅದಕ್ಕೂ ಹಿಂದಿನ ಕತೆ ಕೇಳಿ. 1930ರ ದಶಕದಲ್ಲಿ ಈ ಗುಡ್ಡಗಳ ಮಣ್ಣೆಲ್ಲ ಕೊಚ್ಚಿಹೋಗುತ್ತಿತ್ತು. ದನ ಜಾಸ್ತಿಯಾಗಿದ್ದೇ ಕಾರಣ ಅಂತ ಬ್ರಿಟಿಷ್ ಸರ್ಕಾರ ಜನರ ದನಗಳನ್ನು ಬಲವಂತವಾಗಿ ಮಾರಿಸಲು ಹೊರಟಿತು. 1938ರಲ್ಲಿ ಮುಯಿಂಡಿ ಎಂಬಿಂಗು ಅನ್ನುವವರ ಮುಂದಾಳತ್ವದಲ್ಲಿ ಜನ ಹೆಂಗಸರು ಮಕ್ಕಳ ಸಮೇತ ರಾಜಧಾನಿ ನೈರೋಬಿಗೆ ನಡೆದುಹೋಗಿ ಕೂತರು, ಸರ್ಕಾರ ಆ ಕ್ರಮವನ್ನು ಕೈಬಿಡಬೇಕಾಯಿತು. ಅದೇ ಜನ ಮುಂದಿನ ದಶಕಗಳಲ್ಲಿ ತಾವೇ ಗುಡ್ಡದ ಇಳಿಜಾರಿಗೆ ಕಂದಕ ತೋಡಿ, ಮಣ್ಣನ್ನು ಮೇಲ್ಗಡೆಗೆ ಎಸೆದು ಬದು ಹಾಕಿ, ಬದುವಿನ ಮೇಲೆ ಹುಲ್ಲು ನೆಟ್ಟರು. 1990ರ ಹೊತ್ತಿಗೆ ಜನಸಂಖ್ಯೆ ಐದು ಪಟ್ಟಿಗಿಂತ ಜಾಸ್ತಿ ಆಗಿತ್ತು, ಆದರೆ ಮಣ್ಣಿನ ಸವೆತ ಕಡಿಮೆಯಾಗಿತ್ತು. ಬಸ್ಸಿನಲ್ಲಿ ಹೋಗುವಾಗ ಗುಡ್ಡದ ತುದಿವರೆಗೂ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ, ಯಾರೋ ಕೂಲಿ ಕೊಟ್ಟು ಮಾಡಿಸಿದ್ದಲ್ಲ ಬಹುಪಾಲು.

ನಮ್ಮಂಥ ವಿದ್ಯಾರ್ಥಿಗಳಿಂದ ಇವರಿಗೆ ಏನು ಉಪಯೋಗ ಅಂತ ನೀವು ಕೇಳುತ್ತೀರಿ. ನಾನೂ ಕೇಳಿಕೊಂಡಿದ್ದೇನೆ. ಕಲ್ಲು ಹೊರುವ ಸಾಲಿನಲ್ಲಿ ನಾವು ನಿಲ್ಲುತ್ತೇವೆ, ಬಾಂಡ್ಲಿ ಕೈ ಬದಲಿಸುತ್ತೇವೆ, ಅದು ಒಳ್ಳೆಯದೇ, ಆದರೆ ಊರಲ್ಲಿ ಅದಕ್ಕೆ ಜನ ಇದ್ದಾರೆ. ದುಡ್ಡು ಕಟ್ಟಿ ವಿದೇಶದಿಂದ ಬಂದು ಎರಡು ವಾರ ಗೋಡೆ ಕಟ್ಟಿ ಫೋಟೋ ತೆಗೆಸಿಕೊಂಡು ಹೋಗುವ ಪ್ರವಾಸಗಳು ನನಗೆ ಒಪ್ಪಿಗೆ ಇಲ್ಲ. ಗಾರೆ ಕೆಲಸ ಗೊತ್ತಿಲ್ಲದ ಹುಡುಗರಿಗಿಂತ ಇಲ್ಲಿನ ಮೇಸ್ತ್ರಿಗೆ ಆ ಕೂಲಿ ಸಿಗಲಿ. ನಾವು ಮಾಡಬಹುದಾದದ್ದು ಅಳತೆ. ಕಬ್ಬಿಣದ ಸಲಾಕೆ ಹೊಡೆದು ಮರಳಿನ ಆಳ ನೋಡುತ್ತೇವೆ, ಬಾವಿಯಲ್ಲಿ ನೀರಿನ ಮಟ್ಟ ಬರೆದುಕೊಳ್ಳುತ್ತೇವೆ, ಯಾವ ಕಟ್ಟೆಯಲ್ಲಿ ದಪ್ಪ ಮರಳಿನ ಬದಲು ಹೂಳು ಕೂತಿದೆ ಅಂತ ಗುರುತು ಹಾಕುತ್ತೇವೆ. ಹೂಳು ಕೂತರೆ ನೀರು ಕಡಿಮೆ ಹಿಡಿಯುತ್ತದೆ, ಬಿಡುವುದೂ ಕಡಿಮೆ. ಆ ಲೆಕ್ಕವನ್ನು ಸಂಘದವರ ಮುಂದೆ ಇಟ್ಟು, ಅವರ ಭಾಷೆಯಲ್ಲೇ ನಮ್ಮ ಜೊತೆಗಿರುವ ಇಲ್ಲಿನ ಹುಡುಗಿಯರು ವಿವರಿಸುತ್ತಾರೆ. ಪ್ರಶ್ನೆಗಳು ಸುಮ್ನೆ ಬರುವುದಿಲ್ಲ ಅಪ್ಪ. "ಮೇಲಿನ ಊರಲ್ಲಿ ಇನ್ನೊಂದು ಕಟ್ಟೆ ಕಟ್ಟಿದರೆ ನಮ್ಮದಕ್ಕೆ ಎಷ್ಟು ಕಡಿಮೆಯಾಗುತ್ತದೆ?" ಅಂತ ಒಬ್ಬ ಅಜ್ಜಿ ಕೇಳಿದರು. ನಮ್ಮ ಪ್ರೊಫೆಸರ್ ಕೇಳುವ ಪ್ರಶ್ನೆ ಅದು.

ಇಲ್ಲಿಯೂ ಮರಳಿನ ಲಾರಿಗಳ ಕಾಟ ಇದೆ. ನೈರೋಬಿ ಹತ್ತಿರ, ಅಲ್ಲಿ ಕಟ್ಟಡದ ಮೇಲೆ ಕಟ್ಟಡ. ಪಕ್ಕದ ಮಕುವೇನಿ ಕೌಂಟಿಯವರು (ಕೌಂಟಿ ಅಂದ್ರೆ ನಮ್ಮ ಜಿಲ್ಲೆಯ ಹಾಗೆ) ಮರಳು ಕಾಪಾಡಲೆಂದೇ 2015ರಲ್ಲಿ ಕಾನೂನು ಮಾಡಿಕೊಂಡಿದ್ದಾರೆ. ಮರಳು ಹೋದರೆ ನೀರು ಹೋಯಿತು ಅನ್ನುವುದು ಇಲ್ಲಿ ಶಾಲೆ ಮಕ್ಕಳಿಗೂ ಗೊತ್ತು.

ಅಪ್ಪ, ಅದಕ್ಕೇ ನಿಮ್ಮಲ್ಲಿ ಒಂದು ಕೇಳಿಕೊಳ್ಳುತ್ತೇನೆ. ಮುಂದಿನ ಗ್ರಾಮಸಭೆಯಲ್ಲಿ ನಮ್ಮ ಹಳ್ಳದ ಮರಳಿನ ಮಾತು ಎತ್ತಿ. ಒಬ್ಬರೇ ಎತ್ತಬೇಡಿ, ಸ್ತ್ರೀಶಕ್ತಿ ಸಂಘದವರನ್ನು ಜೊತೆಗೆ ಕರೆದುಕೊಳ್ಳಿ, ಅಮ್ಮನೂ ಬರಲಿ. ರಾತ್ರಿ ಲಾರಿ ಹೋಗುವುದನ್ನು ಎಲ್ಲರೂ ನೋಡಿದ್ದೇವೆ, ಯಾರೂ ಮಾತಾಡಿಲ್ಲ. ಉಳಿದ ಮರಳನ್ನಾದರೂ ಉಳಿಸಿಕೊಳ್ಳಬಹುದು, ಅಲ್ವಾ? ಅಜ್ಜಿ, ಹಳೇ ತಲಪರಿಗೆ ಇದ್ದ ಜಾಗ ನಿನಗೆ ಗೊತ್ತಲ್ಲ, ತಮ್ಮನನ್ನು ಕರೆದುಕೊಂಡು ಹೋಗಿ ತೋರಿಸು. ಅವನು ಫೋಟೋ ತೆಗೆದು, ಮರಳು ಎಷ್ಟು ಆಳ ಇದೆ ಅಂತ ಸಲಾಕೆ ಹೊಡೆದು ನೋಡಿ ನನಗೆ ಕಳಿಸಲಿ. ಹೇಗೆ ಅಳೆಯಬೇಕು ಅಂತ ವಿಡಿಯೋ ಮಾಡಿ ಕಳಿಸುತ್ತೇನೆ.

ಭಾನುವಾರ ಫೋನ್ ಮಾಡುತ್ತೇನೆ. ಆರೋಗ್ಯ ನೋಡಿಕೊಳ್ಳಿ, ಅಪ್ಪ ಬಿಪಿ ಮಾತ್ರೆ ತಪ್ಪಿಸಬೇಡಿ.

ನಿಮ್ಮ ಪ್ರೀತಿಯ ಮಗ