ಕೃತಿಚೌರ್ಯ: ಕಳೆದುಕೊಂಡವರ ಪಾಡನ್ನು ಕೇಳುವವರು ಯಾರು?

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಈಚೆಗೆ ಮುಕ್ತಾಯಗೊಂಡ ರೋಚಕ ಧಾರಾವಾಹಿಯನ್ನು ಮೊದಲ ಕಂತಿನಿಂದಲೂ ಬಿಡದೆ ಓದಿದ್ದೇನೆ. ತೀರಿಹೋದ ಹಳ್ಳಿಯ ಮೇಷ್ಟರೊಬ್ಬರ ಹಸ್ತಪ್ರತಿಯನ್ನು ತನ್ನದೆಂದು ಅಚ್ಚು ಹಾಕಿಸಿ ಪ್ರಶಸ್ತಿ ಪಡೆದ ತರುಣ ಲೇಖಕ, ಹೆಸರಿಲ್ಲದ ಪತ್ರಗಳು ಬರತೊಡಗಿದಾಗ ಒಂದು ಸುಳ್ಳನ್ನು ಮುಚ್ಚಲು ಇನ್ನೊಂದು ಸುಳ್ಳಿಗೆ, ಕಡೆಗೆ ಕೊಲೆಗೂ ಇಳಿಯುವ ಕಥೆಯನ್ನು ತೀರ್ಥಹಳ್ಳಿ ಸೀಮೆಯ ಮಳೆಗಾಲದ ನಡುವೆ ಇಟ್ಟು ಹೇಳಿರುವ ಬಗೆ ಮೆಚ್ಚುವಂಥದು. ಎರಡನೆಯ ಕಾದಂಬರಿಗೆ ಕುಳಿತವನಿಗೆ ಒಂದು ಪುಟವೂ ಸಾಗದೆ, ಬರೆದ ನಾಲ್ಕು ಸಾಲಿನಲ್ಲೂ ಮೇಷ್ಟರ ದನಿಯೇ ಕೇಳಿಸಿ, ಹಾಳೆಗಳನ್ನೆಲ್ಲ ಬಚ್ಚಲ ಒಲೆಗೆ ತುರುಕುವ ಕಂತಂತೂ ಬಹುಕಾಲ ನೆನಪಿನಲ್ಲಿ ಉಳಿಯುತ್ತದೆ. ಮಹತ್ವಾಕಾಂಕ್ಷೆ ಅವನಿಂದ ಏನನ್ನು ಕಸಿದುಕೊಂಡಿತು ಎಂಬುದು ಕೊಲೆಯ ಪ್ರಸಂಗಕ್ಕಿಂತ ಅಲ್ಲಿಯೇ ಹೆಚ್ಚು ಸ್ಪಷ್ಟವಾಗಿದೆ.

ಆದರೆ ನನ್ನದೊಂದು ಆಕ್ಷೇಪವಿದೆ. ಇದು ಈ ಕಾದಂಬರಿಯೊಂದರ ದೋಷವೂ ಅಲ್ಲ, ಈ ಬಗೆಯ ಕಥೆಗಳ ಜಾಡೇ ಹಾಗೆ. ಕುತೂಹಲವೆಲ್ಲ ‘ಸಿಕ್ಕಿಬೀಳುತ್ತಾನೋ ಇಲ್ಲವೋ’ ಎಂಬ ಒಂದೇ ಪ್ರಶ್ನೆಗೆ ಜೋತುಬಿದ್ದಿರುವುದರಿಂದ ಓದುಗರು ತಮಗರಿವಿಲ್ಲದೆಯೇ ಕದ್ದವನ ಪಕ್ಷ ವಹಿಸಿಬಿಡುತ್ತಾರೆ. ಮೇಷ್ಟರ ಮಗಳು ಬರುವುದು ಎರಡೇ ಕಂತುಗಳಲ್ಲಿ. ಒಮ್ಮೆ ನಾಗಂದಿಗೆಯ ಮೇಲಿನಿಂದ ನೋಟುಪುಸ್ತಕಗಳ ಕಟ್ಟನ್ನು ಇಳಿಸಿಕೊಡುವುದಕ್ಕೆ, ಇನ್ನೊಮ್ಮೆ ಪೊಲೀಸರೆದುರು ಹೇಳಿಕೆ ಕೊಡುವುದಕ್ಕೆ. ಅಪ್ಪ ವರ್ಷಗಟ್ಟಲೆ ಕುಳಿತು ಬರೆದದ್ದು ಇನ್ನೊಬ್ಬನ ಹೆಸರು ಹೊತ್ತು ಪುಸ್ತಕದಂಗಡಿಯಲ್ಲಿರುವುದನ್ನು ಕಂಡಾಗ ಅವಳಿಗೆ ಏನಾಯಿತು ಎಂಬುದನ್ನು ಕಾದಂಬರಿ ಕೇಳುವುದೇ ಇಲ್ಲ. ಕದ್ದವನು ತುಂಗೆಯ ಪಾಲಾದೊಡನೆ ನ್ಯಾಯ ಸಂದಿತೆಂಬಂತೆ ಕಥೆ ಮುಗಿಯುತ್ತದೆ. ಆ ಪುಸ್ತಕದ ರಕ್ಷಾಪುಟದ ಮೇಲಿನ ಹೆಸರು ಬದಲಾಯಿತೇ? ಪ್ರಶಸ್ತಿ ಕೊಟ್ಟವರು ಅದನ್ನು ಹಿಂಪಡೆದರೇ? ಈ ಬಗ್ಗೆ ಒಂದು ಸಾಲೂ ಇಲ್ಲ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ಒಂದು ಕಥಾಸ್ಪರ್ಧೆಯ ತೀರ್ಪುಗಾರರಲ್ಲಿ ನಾನೂ ಒಬ್ಬನಾಗಿದ್ದೆ. ಕೊನೆಯ ಸುತ್ತಿಗೆ ಬಂದಿದ್ದ ಕಥೆಯೊಂದು ಮಂಡ್ಯದ ಕಬ್ಬಿನ ಸೀಮೆಯಲ್ಲಿ ನಡೆಯುತ್ತಿತ್ತು. ಬರವಣಿಗೆ ಸೊಗಸಾಗಿತ್ತು, ಆದರೆ ಆಷಾಢದ ಮಳೆಯಲ್ಲಿ ಕಬ್ಬಿನ ಗದ್ದೆಗೆ ಹೊರಟ ತಾಯಿಯ ತಲೆಯ ಮೇಲೆ ಮಲೆನಾಡಿನವರು ಮಳೆಗೆ ಹೊದೆಯುವ ಗೊರಬು ಇತ್ತು, ಅಪ್ಪನ ಉಗುರುಗಳ ಸಂದಿಯಲ್ಲಿ ಮೈಲುತುತ್ತದ ನೀಲಿ ಅಂಟಿಕೊಂಡಿತ್ತು. ಮೈಲುತುತ್ತವನ್ನು ಸುಣ್ಣದೊಂದಿಗೆ ಬೆರೆಸಿ ಮಳೆಗಾಲದಲ್ಲಿ ಗೊನೆಗಳಿಗೆ ಹೊಡೆಯುವುದು ಅಡಿಕೆಯ ಕೊಳೆರೋಗಕ್ಕೆ. ಇದು ಮಲೆನಾಡಿನ ಮಕ್ಕಳಿಗೂ ಗೊತ್ತು. ಮನೆಯಲ್ಲಿದ್ದ ಹಳೆಯ ಸಂಚಿಕೆಗಳನ್ನು ಹುಡುಕಿದಾಗ, ಎಂದೋ ನಿಂತುಹೋದ ಸಣ್ಣ ಪತ್ರಿಕೆಯೊಂದರಲ್ಲಿ ಹೊಸನಗರ ಕಡೆಯ ಲೇಖಕಿಯೊಬ್ಬರು ಬರೆದಿದ್ದ ಮೂಲಕಥೆ ಸಿಕ್ಕಿತು. ಊರು, ಹೆಸರು, ಬೆಳೆ ಬದಲಾಗಿದ್ದವು. ಉಳಿದದ್ದು ವಾಕ್ಯವಾಕ್ಯವೂ ಹಾಗೆಯೇ ಇತ್ತು.

ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದಾಗ ಸಂಘಟಕರು ತಕರಾರಿಲ್ಲದೆ ಒಪ್ಪಿದರು, ಆ ಕಥೆಯನ್ನು ಪಟ್ಟಿಯಿಂದ ಕೈಬಿಟ್ಟರು. ಆದರೆ ಏಕೆ ಕೈಬಿಟ್ಟರೆಂದು ಎಲ್ಲಿಯೂ ಪ್ರಕಟಿಸಲಿಲ್ಲ, ಆ ಲೇಖಕಿಗೆ ಒಂದು ಕಾರ್ಡನ್ನೂ ಬರೆಯಲಿಲ್ಲ. ‘ಹೋಗಲಿ ಬಿಡಿ ಸಾರ್, ಚಿಕ್ಕ ವಯಸ್ಸು, ಅವನ ಭವಿಷ್ಯ ಹಾಳಾಗುವುದು ಬೇಡ’ ಎಂಬ ಮಾತಿನಲ್ಲಿ ಪ್ರಕರಣ ಮುಗಿಯಿತು. ಅದೇ ಕಥೆ ಮುಂದೆ ಕದ್ದವರ ಸಂಕಲನವೊಂದರಲ್ಲಿ, ಗೊರಬಿನ ಜಾಗದಲ್ಲಿ ಕೊಡೆ ಹಿಡಿದುಕೊಂಡು ಅಚ್ಚಾಯಿತು. ನಾವು ತೋರಿಸಿಕೊಟ್ಟ ಕುರುಹನ್ನು ಅಳಿಸಿಕೊಳ್ಳುವುದಕ್ಕೆ ನಮ್ಮ ಮೌನವೇ ಅವರಿಗೆ ಕಾಲಾವಕಾಶ ಕೊಟ್ಟಂತಾಯಿತು ಎಂಬ ಸಂಕಟ ನನಗೆ ಇಂದಿಗೂ ಇದೆ.

ಬರೆದು ಹೆಸರು ಮಾಡಬೇಕೆಂಬ ಆಸೆ ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ ತುಸು ಹೆಚ್ಚೇ ಇದ್ದರೆ ಅದು ಸಹಜ. ಕುವೆಂಪು ಮತ್ತು ಅನಂತಮೂರ್ತಿಯವರನ್ನು ಕೊಟ್ಟ ತೀರ್ಥಹಳ್ಳಿ, ಲಂಕೇಶರ ಕೊನಗವಳ್ಳಿ, ಸುಬ್ಬಣ್ಣನವರ ಹೆಗ್ಗೋಡು ಇವೆಲ್ಲ ಅರ್ಧ ದಿನದ ಬಸ್ಸಿನ ದಾರಿಯೊಳಗಿರುವಾಗ ಪ್ರತಿ ಊರಿನಲ್ಲಿಯೂ ಒಬ್ಬರಾದರೂ ನೋಟುಪುಸ್ತಕ ತುಂಬಿಸಿಟ್ಟವರು ಇದ್ದೇ ಇರುತ್ತಾರೆ. ಕುವೆಂಪು ಅವರ ಕುಪ್ಪಳಿಯ ಮನೆಯನ್ನು ಸ್ಮಾರಕವಾಗಿ ಕಾಪಾಡಿಕೊಂಡಿದ್ದೇವೆ, ಅದು ಹೆಮ್ಮೆಯ ಸಂಗತಿ. ಹೆಸರಾಗದೆ ಹೋದವರ ಹಾಳೆಗಳು ಮಾತ್ರ ಅಟ್ಟದ ಮೇಲೆ ಬೂಷ್ಟು ಹಿಡಿದು, ಒಂದಕ್ಕೊಂದು ಅಂಟಿಕೊಂಡು ಕುಳಿತಿವೆ. ಅವುಗಳಿಗೆ ಇನ್ನೊಂದು ಪ್ರತಿ ಇರುವುದಿಲ್ಲ, ಓದಿದ ಸಾಕ್ಷಿಗಳಿರುವುದಿಲ್ಲ, ಬರೆದವರ ಮಕ್ಕಳು ಬೆಂಗಳೂರಿನಲ್ಲಿರುತ್ತಾರೆ. ಧಾರಾವಾಹಿಯ ನಾಯಕ ಆರಿಸಿಕೊಂಡದ್ದು ಇಂಥದ್ದೊಂದು ಕಟ್ಟನ್ನೇ. ಆ ಮಟ್ಟಿಗೆ ಕಾದಂಬರಿಕಾರರು ನಮ್ಮ ಊರುಗಳನ್ನು ಚೆನ್ನಾಗಿ ಬಲ್ಲವರು.

ಕನ್ನಡದಲ್ಲಿ ಇದಕ್ಕೆ ನೇರ ವಿರುದ್ಧವಾದ ಒಂದು ನಡೆಯೂ ಇದೆ, ಅದನ್ನು ಇಲ್ಲಿ ನೆನೆಯದೆ ಇರಲಾರೆ. ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದ ನಂದಳಿಕೆ ಲಕ್ಷ್ಮೀನಾರಣಪ್ಪ (ಮುದ್ದಣ) ತಾವೇ ರಚಿಸಿದ ಕಾವ್ಯಗಳನ್ನು ಹಳೆಯ ಕವಿಗಳ ಕೃತಿಗಳೆಂದು ಹೇಳಿ ಮೈಸೂರಿನ ‘ಕಾವ್ಯಮಂಜರಿ’ ಪತ್ರಿಕೆಗೆ ಕಳುಹಿಸಿದರು. ವಿದ್ವಾಂಸರು ತಮ್ಮಂಥ ಅಜ್ಞಾತನನ್ನು ಒಪ್ಪುವರೋ ಇಲ್ಲವೋ ಎಂಬ ಅಳುಕು ಅವರಿಗಿತ್ತು. 1901ರಲ್ಲಿ, ಮೂವತ್ತೊಂದರ ಹರೆಯದಲ್ಲಿ ಅವರು ಕ್ಷಯದಿಂದ ತೀರಿಕೊಂಡರು. ಮುದ್ದಣ ಯಾರೆಂಬುದು ಕನ್ನಡ ನಾಡಿಗೆ ಚೆನ್ನಾಗಿ ತಿಳಿದದ್ದು ಆ ನಂತರವೇ. ತನ್ನದನ್ನು ಇತರರ ಹೆಸರಿಗೆ ಬಿಟ್ಟುಕೊಟ್ಟ ಆ ಕವಿಗೆ ಕರ್ತೃತ್ವವನ್ನು ಹುಡುಕಿ ಹಿಂದಿರುಗಿಸಿದ ವಿದ್ವಾಂಸರು ನಮ್ಮಲ್ಲಿದ್ದರು. ಹೊಸನಗರದ ಲೇಖಕಿಯ ಪಾಲಿಗೆ ಅಂಥವರು ಯಾರೂ ಬರಲಿಲ್ಲ.

ಆಕಾಂಕ್ಷೆ ಬರೆಯುವವರಿಗೆ ಮಾತ್ರವೇ ಇರುವುದಿಲ್ಲ, ಪ್ರಕಟಿಸುವವರಿಗೂ ಇರುತ್ತದೆ. 1983ರಲ್ಲಿ ಜರ್ಮನಿಯ ‘ಸ್ಟರ್ನ್’ ವಾರಪತ್ರಿಕೆ ಹಿಟ್ಲರನ ದಿನಚರಿಗಳು ಸಿಕ್ಕಿವೆಯೆಂದು ಜಗತ್ತಿಗೆಲ್ಲ ಸಾರಿತು. ಅವುಗಳಿಗೆ ಸುಮಾರು 93 ಲಕ್ಷ ಮಾರ್ಕ್ ತೆತ್ತಿತ್ತು. ಸುದ್ದಿ ಬೇರೆಯವರ ಪಾಲಾದೀತೆಂಬ ಭಯದಿಂದ ಪರೀಕ್ಷೆಯನ್ನು ಗುಟ್ಟಾಗಿ, ಅರೆಬರೆಯಾಗಿ ಮುಗಿಸಿತ್ತು. ಕೈಬರಹ ಹೋಲಿಸಲು ತಜ್ಞರಿಗೆ ಕೊಟ್ಟ ಮಾದರಿಗಳಲ್ಲಿ ಕೆಲವು ಅದೇ ನಕಲುಗಾರ ಕೊನ್ರಾಡ್ ಕುಯಾವ್ ಬರೆದವು. ಹೀಗಾಗಿ ಸುಳ್ಳಿಗೆ ಸುಳ್ಳೇ ಸಾಕ್ಷಿಯಾಯಿತು. ಕಡೆಗೆ ಪ್ರಯೋಗಾಲಯದಲ್ಲಿ ಕಾಗದವನ್ನು ಪರೀಕ್ಷಿಸಿದಾಗ ಯುದ್ಧಾನಂತರ ಬಳಕೆಗೆ ಬಂದ ಬಿಳುಪುಕಾರಕ ಅದರಲ್ಲಿ ಸಿಕ್ಕಿತು. 1985ರಲ್ಲಿ ಕುಯಾವ್‌ಗೂ, ದಿನಚರಿಗಳನ್ನು ತಂದ ವರದಿಗಾರ ಗೆರ್ಡ್ ಹೈಡಮನ್‌ಗೂ ಜೈಲು ಶಿಕ್ಷೆಯಾಯಿತು. ‘ಸ್ಟರ್ನ್’ ಮುಖ್ಯ ಸಂಪಾದಕರು ಹುದ್ದೆ ಬಿಡಬೇಕಾಯಿತು, ಸೋತದ್ದನ್ನು ಪತ್ರಿಕೆ ಓದುಗರ ಮುಂದೆ ಒಪ್ಪಿಕೊಳ್ಳಬೇಕಾಯಿತು. ನಮ್ಮ ಸ್ಪರ್ಧೆಗಳಲ್ಲಿ, ಪ್ರಶಸ್ತಿಗಳಲ್ಲಿ ಇಲ್ಲದಿರುವುದು ಈ ಕೊನೆಯ ಭಾಗವೇ.

ಕಾನೂನು ಇಲ್ಲವೆಂದೇನೂ ಅಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದ ಕ್ಷಣದಿಂದಲೇ ಹಕ್ಕು ಬರೆದವರದು, ನೋಂದಣಿ ಕಡ್ಡಾಯವಲ್ಲ. ಲೇಖಕರು ತೀರಿಕೊಂಡ ಮೇಲೂ 60 ವರ್ಷ ಅದು ವಾರಸುದಾರರಲ್ಲಿ ಉಳಿಯುತ್ತದೆ. ಹಕ್ಕನ್ನು ಮಾರಿದ್ದರೂ ‘ಇದನ್ನು ಬರೆದವರು ಇವರು’ ಎಂದು ಸಾಧಿಸುವ ಅಧಿಕಾರವನ್ನು 57ನೇ ಕಲಂ ಉಳಿಸಿಕೊಟ್ಟಿದೆ. ತಿಳಿದೂ ಉಲ್ಲಂಘಿಸಿದವರಿಗೆ 6 ತಿಂಗಳಿಂದ 3 ವರ್ಷದವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು 63ನೇ ಕಲಮಿನಲ್ಲಿ ಅವಕಾಶವಿದೆ. ದಾವೆ ಹೂಡುವುದಕ್ಕೆ ಪ್ರತಿವಾದಿಯ ಊರಿಗೆ ಅಲೆಯಬೇಕಾಗಿಯೂ ಇಲ್ಲ. 62ನೇ ಕಲಂ ಹಕ್ಕುದಾರರು ವಾಸಿಸುವ ಜಿಲ್ಲೆಯ ನ್ಯಾಯಾಲಯದಲ್ಲಿಯೇ ಅದಕ್ಕೆ ಎಡೆ ಮಾಡಿಕೊಟ್ಟಿದೆ. ಅಂದರೆ ಧಾರಾವಾಹಿಯ ಮೇಷ್ಟರ ಮಗಳು ಶಿವಮೊಗ್ಗದಲ್ಲಿಯೇ ದಾವೆ ಹೂಡಬಹುದಿತ್ತು. ಕಥಾವಸ್ತುವಿಗೆ ಸ್ವಾಮ್ಯವಿಲ್ಲ, ಅದನ್ನು ಹೇಳಿದ ರೀತಿಗೆ ಇದೆ ಎಂದು ಸುಪ್ರೀಂ ಕೋರ್ಟ್ 1978ರಲ್ಲೇ ಸ್ಪಷ್ಟಪಡಿಸಿದೆ. ಎರಡನ್ನೂ ಓದಿದ ಸಾಮಾನ್ಯ ಓದುಗರಿಗೆ ಒಂದು ಇನ್ನೊಂದರ ನಕಲೆಂದು ನಿಸ್ಸಂಶಯವಾಗಿ ತೋರುವುದೇ ಎಂಬುದು ಅಲ್ಲಿನ ಒರೆಗಲ್ಲು. ಊರು, ಬೆಳೆ ಬದಲಿಸಿದವರು ಅದರಿಂದ ಪಾರಾಗುವುದು ಕಷ್ಟ.

ಆದರೆ ಈ ಹಕ್ಕು ಉಪಯೋಗಕ್ಕೆ ಬರಬೇಕಾದರೆ ಕಳವಾಗಿದೆಯೆಂಬ ಸುದ್ದಿ ಮೊದಲು ಕಳೆದುಕೊಂಡವರ ಕಿವಿಗೆ ಬೀಳಬೇಕು. ವಿಶ್ವವಿದ್ಯಾಲಯಗಳಿಗೆ ಕೃತಿಚೌರ್ಯ ತಡೆಯಲು ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮಾವಳಿಯಿದೆ. ಹೋಲಿಕೆ ಶೇ 60ನ್ನು ಮೀರಿದರೆ ಸಂಶೋಧನಾರ್ಥಿಯ ನೋಂದಣಿಯೇ ರದ್ದಾಗಬೇಕು. ಆದರೆ ಈ ಹೋಲಿಕೆಯನ್ನು ಪತ್ತೆಹಚ್ಚುವ ತಂತ್ರಾಂಶ ಹೋಲಿಸುವುದು ತನ್ನ ಸಂಗ್ರಹದಲ್ಲಿರುವ ಪಠ್ಯದೊಂದಿಗೆ ಮಾತ್ರ. ನಮ್ಮ ಹಳೆಯ ಪತ್ರಿಕೆಗಳು ಅಲ್ಲಿಗೆ ಸೇರಿಯೇ ಇಲ್ಲ, ಸೇರಿದ್ದರೂ ಬಹುಪಾಲು ಬರೀ ಪುಟದ ಚಿತ್ರಗಳಾಗಿವೆ. ಯೂನಿಕೋಡ್‌ಗಿಂತ ಮುಂಚಿನ ‘ನುಡಿ’, ‘ಬರಹ’ ತಂತ್ರಾಂಶಗಳ ಅಕ್ಷರಗಳಲ್ಲಿ ಬೆರಳಚ್ಚಾದ ಪಠ್ಯವನ್ನು ಪರಿವರ್ತಿಸದೆ ಕೊಟ್ಟರೆ ಯಂತ್ರಕ್ಕೆ ಅದು ಕನ್ನಡವೆಂದೇ ತಿಳಿಯುವುದಿಲ್ಲ. ಆದ್ದರಿಂದ ಕಥೆ ಕಾದಂಬರಿಗಳ ಮಟ್ಟಿಗೆ ಓದುಗರ ನೆನಪೇ ನಮಗಿರುವ ಕಾವಲು. ಆ ನೆನಪಿಗೆ ಅವಕಾಶ ಸಿಗಬೇಕಾದರೆ ಬಹುಮಾನಿತ ಕೃತಿಗಳನ್ನು ಅಂತಿಮವಾಗಿ ಘೋಷಿಸುವ ಮುನ್ನ ಒಂದು ತಿಂಗಳಾದರೂ ಸಾರ್ವಜನಿಕರ ಮುಂದಿಟ್ಟು ಆಕ್ಷೇಪಣೆ ಆಹ್ವಾನಿಸಬೇಕು. ಕಳವು ಸಾಬೀತಾದಾಗ ಮೂಲ ಲೇಖಕರಿಗೆ ಅಥವಾ ಅವರ ಮನೆಯವರಿಗೆ ಲಿಖಿತವಾಗಿ ತಿಳಿಸುವುದನ್ನು ಪ್ರಶಸ್ತಿ ಕೊಡುವ ಸಂಸ್ಥೆಗಳು ತಮ್ಮ ನಿಯಮಗಳಲ್ಲಿಯೇ ಬರೆದುಕೊಳ್ಳಬೇಕು.

ತಮ್ಮ ಪತ್ರಿಕೆಯಿಂದಲೂ ಒಂದು ನಿರೀಕ್ಷೆಯಿದೆ. ಪ್ರಶಸ್ತಿ ಬಂದ ಸುದ್ದಿಯನ್ನು ಭಾವಚಿತ್ರದೊಂದಿಗೆ ಪ್ರಕಟಿಸುವಂತೆಯೇ, ಅದು ಹಿಂಪಡೆಯಲ್ಪಟ್ಟಾಗ ಆ ಸುದ್ದಿಯನ್ನೂ ಮೂಲ ಲೇಖಕರ ಹೆಸರಿನೊಂದಿಗೆ ಅದೇ ಪುಟದಲ್ಲಿ, ಅಷ್ಟೇ ಅಗಲದ ಜಾಗದಲ್ಲಿ ಪ್ರಕಟಿಸುವುದಾಗಿ ತಾವು ಓದುಗರಿಗೆ ಭರವಸೆ ನೀಡಬೇಕೆಂದು ವಿನಂತಿಸುತ್ತೇನೆ. ಧಾರಾವಾಹಿ ಪುಸ್ತಕವಾಗಿ ಬರುವುದಿದ್ದರೆ, ಮೇಷ್ಟರ ಮಗಳಿಗೆ ಇನ್ನೊಂದು ಅಧ್ಯಾಯವನ್ನಾದರೂ ಕೊಡಿರೆಂದು ಕಾದಂಬರಿಕಾರರಿಗೆ ನನ್ನ ಕೋರಿಕೆಯನ್ನು ದಯವಿಟ್ಟು ತಲುಪಿಸಿ.

ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಉಪನ್ಯಾಸಕ, ತೀರ್ಥಹಳ್ಳಿ