ಮಳಿಗೆಯ ಬಾಗಿಲು ತೆರೆಯುವ ಮೊದಲು ವಾರ್ಡ್ ಸಭೆ ಕರೆಯಿರಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮ್ಮ ಅಡ್ಡರಸ್ತೆಯಲ್ಲಿ ವಾಸಕ್ಕೆಂದು ಕಟ್ಟಿದ ಮೂರಂತಸ್ತಿನ ಕಟ್ಟಡವೊಂದರಲ್ಲಿ, ಬೆಂಗಳೂರಿನ ಉದ್ದಗಲಕ್ಕೂ ಶಾಖೆಗಳಿರುವ ದಿನಸಿ ಮಳಿಗೆಯೊಂದು ಬರುವ ತಿಂಗಳು ತೆರೆಯಲಿದೆ ಎಂಬುದು ತಮಗೆ ಗೊತ್ತಿದೆ. ಗೊತ್ತಿದೆ ಎಂದು ಇಷ್ಟು ಖಚಿತವಾಗಿ ಬರೆಯುತ್ತಿರುವುದಕ್ಕೆ ಕಾರಣ, ನಮ್ಮ ಬೀದಿಯವರೆಲ್ಲ ಸಹಿ ಹಾಕಿ ಕೊಟ್ಟ ಮನವಿಯ ಪ್ರತಿ, ತಮ್ಮ ಕಚೇರಿಯ ಸ್ವೀಕೃತಿಯ ಮೊಹರಿನೊಂದಿಗೆ ನನ್ನ ಬಳಿ ಇದೆ. ಅದಕ್ಕೆ ಉತ್ತರ ಬರಲಿಲ್ಲ. ಪಾಲಿಕೆಯ ಕಚೇರಿಗೆ ಕೊಟ್ಟ ದೂರಿಗೂ ಹಿಂಬರಹ ಬರಲಿಲ್ಲ. ಕಾದು ಕಾದು ಸಾಕಾಗಿ ಈಗ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ನಮ್ಮ ಬೇಡಿಕೆ ಇಷ್ಟೇ: ಮಳಿಗೆಯ ಬಾಗಿಲು ತೆರೆಯುವ ಮೊದಲು ವಾರ್ಡ್ ಸಭೆ ಕರೆದು, ಆ ಕಟ್ಟಡದ ಮಂಜೂರಾದ ನಕ್ಷೆ, ಸ್ವಾಧೀನಾನುಭವ ಪತ್ರ (ಕಟ್ಟಿ ಮುಗಿದ ಕಟ್ಟಡವನ್ನು ಬಳಸಲು ಪಾಲಿಕೆ ಕೊಡುವ ಒಪ್ಪಿಗೆ) ಮತ್ತು ಉದ್ದಿಮೆ ಪರವಾನಗಿಯನ್ನು ಅಧಿಕಾರಿಗಳಿಂದ ನಮ್ಮ ಮುಂದೆ ಇಡಿಸಬೇಕು.

ನಿಯಮಗಳನ್ನು ತಮಗೆ ಹೇಳಿಕೊಡುವಷ್ಟು ತಿಳಿದವಳು ನಾನಲ್ಲ. 40 ಅಡಿಗಿಂತ ಕಿರಿದಾದ ವಸತಿ ರಸ್ತೆಗಳಲ್ಲಿ ವಾಣಿಜ್ಯ ಬಳಕೆಗೆ ವಲಯ ನಿಯಮಾವಳಿ ಎಷ್ಟು ಬಿಗಿಯಾಗಿದೆ ಎಂಬುದನ್ನು ತಾವು ನನಗಿಂತ ಚೆನ್ನಾಗಿ ಬಲ್ಲಿರಿ. ನಮ್ಮದು 30 ಅಡಿ ರಸ್ತೆ. ಎರಡೂ ಬದಿ ಗಾಡಿ ನಿಂತ ಮೇಲೆ ನಡುವೆ ಒಂದು ಕಾರು ಹೋಗುವಷ್ಟು ಜಾಗವೂ ಕಷ್ಟದಲ್ಲಿ ಉಳಿಯುತ್ತದೆ. ಅನಧಿಕೃತ ಕಟ್ಟಡಗಳಲ್ಲಿ ಯಾವುದೇ ವ್ಯಾಪಾರಕ್ಕೆ ಪರವಾನಗಿ ಕೊಡಕೂಡದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿರುವುದೂ ತಮಗೆ ತಿಳಿದಿರಲೇಬೇಕು. ಈ ಕಟ್ಟಡದ ದಾಖಲೆಗಳೆಲ್ಲ ಸರಿಯಾಗಿದ್ದರೆ ತೋರಿಸುವುದಕ್ಕೆ ಯಾರಿಗೂ ಸಂಕೋಚವೇಕೆ? ಕಚೇರಿಯಲ್ಲಿ ಕೇಳಿದರೆ, ಪಾಲಿಕೆ ಐದಾಗಿ ವಿಂಗಡಣೆಯಾದ ಮೇಲೆ ಕಡತ ಯಾವ ವಿಭಾಗಕ್ಕೆ ಹೋಯಿತೆಂದು ಹುಡುಕಬೇಕು ಎನ್ನುತ್ತಾರೆ. ಕಡತ ಸಿಕ್ಕದಿದ್ದರೂ ಒಳಗೆ ಕಪಾಟು ಜೋಡಿಸುವ ಕೆಲಸ ಮಾತ್ರ ಒಂದು ದಿನವೂ ನಿಂತಿಲ್ಲ.

ಈಗ ನನ್ನ ಮನೆಯಲ್ಲಿ ನಡೆದುದನ್ನು ಹೇಳಲೇಬೇಕು. ಮಳಿಗೆಗೆ ಬರುವ ವಾಹನಗಳು ನೆಲಮಾಳಿಗೆಗೆ ಇಳಿಯಲೆಂದು ಕಟ್ಟಡದವರು ಕಾಲುದಾರಿಯ ಚಪ್ಪಡಿಗಳನ್ನು ಎತ್ತಿಹಾಕಿ, ಮೋರಿಯ ಮೇಲೆಯೇ ಇಳಿಜಾರು ಕಟ್ಟಿ, ಮೋರಿಯೊಳಗೆ ತೋಳುದಪ್ಪದ ಒಂದು ಕೊಳವೆ ಇಟ್ಟು ಕಾಂಕ್ರೀಟ್ ಸುರಿದರು. ಇಡೀ ಬೀದಿಯ ಮಳೆನೀರು ಆ ಕೊಳವೆಯಲ್ಲಿ ಹರಿದುಹೋಗಬೇಕು! ಹೋಗುವುದಿಲ್ಲವೆಂದು ಅಂದೇ ಹೇಳಿದೆವು. ಅಕ್ಟೋಬರ್‌ನ ಒಂದು ರಾತ್ರಿ ಸುರಿದ ಮಳೆಗೆ ಮೋರಿ ಉಕ್ಕಿ, ಬಚ್ಚಲ ನೀರೂ ಕೊಳಚೆಯೂ ಸೇರಿ, ತಗ್ಗಿನಲ್ಲಿರುವ ನಮ್ಮ ಸಾಲಿನ ಮನೆಗಳಿಗೆ ನುಗ್ಗಿತು. ನಾನು ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಾಡಿ ಸಂಸಾರ ನಡೆಸುವವಳು. ಕಾರ್ತಿಕದ ಮದುವೆಗಳಿಗೆಂದು ಗಿರಾಕಿಗಳು ಕೊಟ್ಟಿದ್ದ ರೇಷ್ಮೆಯ ರವಿಕೆ ಬಟ್ಟೆಗಳು ಕೆಳಗಿನ ಕಪಾಟಿನಲ್ಲಿದ್ದವು. ಬೆಳಗಿನ ಜಾವ ತೆಗೆದು ನೋಡಿದಾಗ, ಕುಂಕುಮ ಬಣ್ಣದ ಬಟ್ಟೆಯ ಬಣ್ಣ ಹಾಲುಬಿಳುಪಿನ ಬಟ್ಟೆಗೆ ಹತ್ತಿ, ಜರಿಯ ಅಂಚಿನಲ್ಲಿ ಕೆಸರು ಕೂತಿತ್ತು. ಹೊಲಿಗೆ ಯಂತ್ರದ ಮೋಟಾರು ಕೆಟ್ಟಿತು. ಬಟ್ಟೆಯ ಬೆಲೆಯನ್ನು ಸಾಲ ಮಾಡಿ ಗಿರಾಕಿಗಳಿಗೆ ಕಟ್ಟಿಕೊಟ್ಟೆ. ಆದರೂ ಅವರಲ್ಲಿ ಕೆಲವರು ಮತ್ತೆ ನನ್ನ ಬಾಗಿಲಿಗೆ ಬಂದಿಲ್ಲ, ಅವರನ್ನು ದೂರುವುದಕ್ಕೂ ನನಗೆ ಬಾಯಿಲ್ಲ.

ಮಾರನೆಯ ದಿನ ಬಂದ ಎಂಜಿನಿಯರ್, "ಮಳೆ ಜೋರಾಗಿತ್ತಮ್ಮ, ನಾವೇನ್ ಮಾಡೋಕಾಗುತ್ತೆ?" ಎಂದು ಹೊರಟುಹೋದರು. ಅಂದು ಸಂಜೆ ಮಳಿಗೆಯ ಕಡೆಯವರೊಬ್ಬರು ಮನೆಮನೆಗೆ ಬಂದು ಒಂದೊಂದು ಚೀಲ ಕೊಟ್ಟರು. ಚೀಲದಲ್ಲಿ ಒಂದು ಬಾಟಲಿ ಫಿನಾಯಿಲು, ಒಂದು ಸಾಬೂನು, ಜೊತೆಗೆ ಆರಂಭದ ದಿನದ ಖರೀದಿಗೆ ರಿಯಾಯಿತಿ ಚೀಟಿ. ಮನೆಯೊಳಗೆ ಕೊಳಚೆ ನುಗ್ಗಿಸಿದವರು ಆ ಮನೆಯ ಹೊಸ್ತಿಲಲ್ಲೇ ನಿಂತು ರಿಯಾಯಿತಿ ಚೀಟಿ ನೀಡುತ್ತಾರೆಂದರೆ, ಸ್ವಾಮಿ, ನಮ್ಮನ್ನು ಏನೆಂದು ತಿಳಿದಿದ್ದಾರೆ? ಆ ಚೀಲವನ್ನು ನಾನು ಅಲ್ಲೇ ಹಿಂದಿರುಗಿಸಿದೆ. ಆನ್‌ಲೈನ್‌ನಲ್ಲಿ ಕೊಟ್ಟ ದೂರು "ಪರಿಹರಿಸಲಾಗಿದೆ" ಎಂದು ಮುಕ್ತಾಯವಾಗಿದೆ. ಅದಕ್ಕೆ ಲಗತ್ತಿಸಿರುವ ಚಿತ್ರ ನಮ್ಮ ಬೀದಿಯದೇ ಅಲ್ಲ. ಇಳಿಜಾರು ಇದ್ದಲ್ಲೇ ಇದೆ, ಕೊಳವೆಯೂ ಇದ್ದಲ್ಲೇ ಇದೆ.

ಬಡಾವಣೆಯವರೆಲ್ಲ ಈ ಮಳಿಗೆಯನ್ನು ವಿರೋಧಿಸುತ್ತಿದ್ದಾರೆಂದು ನಾನು ಹೇಳುವುದಿಲ್ಲ. ರಾತ್ರಿ ಒಂಬತ್ತಕ್ಕೆ ಕೆಲಸದಿಂದ ಬರುವ ಹೆಣ್ಣುಮಕ್ಕಳಿಗೆ ಆ ಹೊತ್ತಿನಲ್ಲಿ ಹತ್ತಿರದಲ್ಲೊಂದು ಅಂಗಡಿ ತೆರೆದಿರುವುದು ಅನುಕೂಲವೇ. ಎಣ್ಣೆ, ಬೇಳೆ ನಾಲ್ಕು ರೂಪಾಯಿ ಕಡಿಮೆಗೆ ಸಿಕ್ಕರೆ ಯಾವ ಗೃಹಿಣಿಗೆ ಬೇಡ? ಪಿಂಚಣಿಯಲ್ಲಿ ಬದುಕುವ ಹಿರಿಯರೊಬ್ಬರು ನಿವಾಸಿಗಳ ಸಭೆಯಲ್ಲಿ ಎದ್ದು ನಿಂತು ಇದನ್ನೇ ಹೇಳಿದರು, ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಮುಖ್ಯರಸ್ತೆಯಲ್ಲಿ, ವಾಹನ ನಿಲ್ಲಿಸಲು ಜಾಗವಿರುವ ಕಟ್ಟಡದಲ್ಲಿ ಇದೇ ಮಳಿಗೆ ಬಂದಿದ್ದರೆ ನಾನೂ ಅಲ್ಲಿಗೆ ಹೋಗುತ್ತಿದ್ದೆ. ಆದರೆ ಬೇಕು ಎನ್ನುವವರೂ ಬೇಡ ಎನ್ನುವವರೂ ದಾಖಲೆ ನೋಡದೆ ಊಹೆಯ ಮೇಲೆ ಜಗಳವಾಡುವಂತಾಗಿದೆ. ವರ್ಷಗಟ್ಟಲೆ ಒಂದೇ ಬೀದಿಯಲ್ಲಿ ಬಾಳಿದವರು ಮಾತು ಬಿಟ್ಟಿದ್ದಾರೆ. ತಾವು ಒಂದು ಸಭೆ ಕರೆದಿದ್ದರೆ ಇಷ್ಟಾಗುತ್ತಿರಲಿಲ್ಲ.

ನಮ್ಮ ಮೂಲೆಯ ದಿನಸಿ ಅಂಗಡಿಯವರು ತಿಂಗಳ ಕೊನೆಯಲ್ಲಿ ಪುಸ್ತಕದಲ್ಲಿ ಬರೆದುಕೊಂಡು ಸಾಮಾನು ಕೊಡುತ್ತಾರೆ. ನನ್ನಂತೆ ವಾರದ ದುಡಿಮೆಯಲ್ಲಿ ಬದುಕುವವರಿಗೆ ಇದು ಎಷ್ಟು ದೊಡ್ಡದೆಂದು ಬಿಡಿಸಿ ಹೇಳಬೇಕಾಗಿಲ್ಲ. ಇನ್ನು, ಬೆಳಕು ಹರಿಯುವ ಮೊದಲೇ ಕಲಾಸಿಪಾಳ್ಯಕ್ಕೆ ಹೋಗಿ ತರಕಾರಿ ತಂದು ತಳ್ಳುಗಾಡಿಯಲ್ಲಿ ಮಾರುವ ತಾಯಿಯೊಬ್ಬರಿದ್ದಾರೆ. ದಾರಿಗೆ ಅಡ್ಡವೆಂದು ಅವರ ಗಾಡಿಯನ್ನು ಒಂದು ಬೆಳಿಗ್ಗೆ ಎತ್ತಿಸಿದರು. ಬೀದಿ ವ್ಯಾಪಾರಿಗಳ ಜೀವನೋಪಾಯ ರಕ್ಷಿಸಲೆಂದೇ 2014ರಲ್ಲಿ ಕಾಯ್ದೆ ಬಂದಿದೆ, ಅದನ್ನು ಅಂದು ಯಾರೂ ನೆನೆಯಲಿಲ್ಲ. ಅವರ ಗಾಡಿ ನಿಲ್ಲುತ್ತಿದ್ದ ಜಾಗದಿಂದ ಹತ್ತು ಹೆಜ್ಜೆಯಲ್ಲಿ ಕಾಲುದಾರಿಯನ್ನೇ ನುಂಗಿದ ಕಾಂಕ್ರೀಟ್ ಇಳಿಜಾರು ಇದೆ. ಅದು ಮಾತ್ರ ಯಾರ ದಾರಿಗೂ ಅಡ್ಡವಲ್ಲವೇ?

ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ, ನಮ್ಮ ಬೀದಿಯ ಕಷ್ಟ ಕೇಳಲು ನಾವು ಮತ ಹಾಕಿ ಕಳಿಸಿದವರೆಂದರೆ ತಾವೊಬ್ಬರೇ. ಅದಕ್ಕಾಗಿಯೇ ತಮ್ಮ ಬಾಗಿಲು ತಟ್ಟುತ್ತಿದ್ದೇವೆ. ಇದು ಪಾಲಿಕೆಯ ವಿಷಯ ಎಂದು ತಮ್ಮ ಆಪ್ತ ಸಹಾಯಕರು ಹೇಳುತ್ತಾರೆ, ಶಾಸಕರನ್ನು ಕೇಳಿ ಎಂದು ಪಾಲಿಕೆಯವರು ಹೇಳುತ್ತಾರೆ. ಇಬ್ಬರ ನಡುವೆ ನಾವು ಅಲೆದದ್ದು ಸಾಕು.

ಸಭೆ ಕರೆಯಿರಿ. ಮಳಿಗೆಯವರೂ ಬರಲಿ, ಬೇಕೆನ್ನುವವರೂ ಬರಲಿ. ಸಾಮಾನಿನ ಲಾರಿ ಯಾವ ಹೊತ್ತಿಗೆ ಬರುತ್ತದೆ, ಗಿರಾಕಿಗಳ ಗಾಡಿ ಎಲ್ಲಿ ನಿಲ್ಲುತ್ತದೆ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ವಸತಿ ಪ್ರದೇಶಕ್ಕೆ 45 ಡೆಸಿಬಲ್ ಮಿತಿಯಿರುವಾಗ ಜನರೇಟರನ್ನೂ ಶೈತ್ಯಯಂತ್ರಗಳನ್ನೂ ಎಲ್ಲಿಡುತ್ತಾರೆ, ಇವಕ್ಕೆಲ್ಲ ಅಲ್ಲಿ ಬರಹದಲ್ಲಿ ಉತ್ತರ ಸಿಗಲಿ. ಮೋರಿಯನ್ನು ಮೊದಲಿನಂತೆ ತೆರೆಸುವ ಆದೇಶವನ್ನು ಮಾತ್ರ ಸಭೆಗೂ ಕಾಯದೆ ಈ ವಾರವೇ ಕೊಡಿಸಿ. ನಕ್ಷೆ, ಸ್ವಾಧೀನಾನುಭವ ಪತ್ರ, ಪರವಾನಗಿ ಈ ಮೂರನ್ನೂ ನಾವು ಕಣ್ಣಾರೆ ನೋಡುವವರೆಗೆ ಆ ಬಾಗಿಲು ತೆರೆಯದಂತೆ ನೋಡಿಕೊಳ್ಳಿ. ಸಭೆಯ ದಿನಾಂಕವನ್ನು ತಿಳಿಸಿದರೆ ಜನರನ್ನು ಸೇರಿಸುವ ಕೆಲಸ ನಮ್ಮದು.

ಇಂತಿ,
ತಮ್ಮ ಕ್ಷೇತ್ರದ ಮತದಾರಳು
ಬೆಂಗಳೂರು