ಯಾವ ಖಾತೆ, ರಾಘು?

ಪ್ರಿಯ ರಾಘು,

"ಅಪ್ಪ, ದೊಡ್ಡಪ್ಪ ಜಂಟಿ ಖಾತೆಯಲ್ಲೇ ಇದ್ರಲ್ಲ, ಇನ್ನು ಮಾಡೋದೇನಿದೆ?" ಅಂತ, ತೀರಿಹೋದ ನಿಮ್ಮಪ್ಪನ ಜಮೀನಿನ ಮಾತು ಬಂದಾಗ ನೀನು ಫೋನಲ್ಲಿ ಅಂದದ್ದು ತಲೆಯಿಂದ ಹೋಗ್ತಾನೇ ಇಲ್ಲ. ಅದಕ್ಕೇ ಈ ಕಾಗದ. ಸಾಗರ ಸೀಮೆಯಲ್ಲಿ ಹೀಗೆ ತಿಳಿದುಕೊಂಡವರು ಇನ್ನೂ ಬೇಕಾದಷ್ಟು ಜನ ಇದ್ದಾರೆ, ಅವರೂ ಓದಲಿ ಅಂತ ನಿನ್ನ ಒಪ್ಪಿಗೆ ಕೇಳಿಯೇ ಇಲ್ಲಿ ಹಾಕ್ತಿದ್ದೇನೆ.

ನಮ್ಮ ಕಡೆ ಖಾತೆ ಅಂದರೆ ಮೊದಲು ಅಡಿಕೆ ಮಂಡಿಯದು. ಮಳೆಗಾಲದ ಖರ್ಚಿಗೆ, ಮದುವೆಗೆ ಅಂತ ಮುಂಗಡ ಎತ್ತಿ, ಕೊಯ್ಲಾದ ಮೇಲೆ ಅಡಿಕೆ ಹಾಕಿ ಚುಕ್ತಾ ಮಾಡುವ ಲೆಕ್ಕ. ಬ್ಯಾಂಕಿನದು ಇನ್ನೊಂದು. ಮಂತ್ರಿಗಳಿಗೆ ಹಂಚುವುದೂ ಖಾತೆಯೇ. 1951ರಲ್ಲಿ ಗೇಣಿದಾರರು ಸತ್ಯಾಗ್ರಹಕ್ಕಿಳಿದ ಕಾಗೋಡಿನ ತಿಮ್ಮಪ್ಪನವರು 2016ರಲ್ಲಿ ಕಂದಾಯ ಖಾತೆ ವಹಿಸಿಕೊಂಡಾಗ ನನಗೆ ಎಷ್ಟು ಖುಷಿಯಾಗಿತ್ತು! ಉಳುವವನಿಗೆ ಭೂಮಿ ಬೇಕೆಂದು ಜೈಲಿಗೆ ಹೋದವರ ಊರಿನ ಕೈಗೆ, ಜಮೀನಿನ ಖಾತೆ ಮಾಡಿಕೊಡುವ ಇಲಾಖೆಯೇ ಬಂದಿತ್ತು.

ನಿನಗೆ ತೊಡಕಾಗಿರುವುದು 'ಜಂಟಿ'. ಬ್ಯಾಂಕಿನಲ್ಲಿ 'ಇಬ್ಬರಲ್ಲೊಬ್ಬರು ಅಥವಾ ಉಳಿದವರು' ಅಂತ ಬರೆಸಿದ್ದರೆ, ಒಬ್ಬರು ತೀರಿಕೊಂಡ ಮೇಲೆ ಉಳಿದವರು ಹಣ ತೆಗೆಯಬಹುದು. ಪಹಣಿ ಅಂದರೆ ಜಮೀನು ಯಾರ ಹೆಸರಲ್ಲಿದೆ ಅಂತ ತೋರಿಸುವ ಕಂದಾಯ ದಾಖಲೆ; ಅದರಲ್ಲಿನ ಜಂಟಿ ಖಾತೆ ಹಾಗಲ್ಲ ಮಾರಾಯ. ಅಪ್ಪನ ಪಾಲು ತಾನಾಗಿ ದೊಡ್ಡಪ್ಪನಿಗೆ ಹೋಗುವುದಿಲ್ಲ. ಅದಕ್ಕೆ ಅಮ್ಮ, ಅಕ್ಕ, ನೀನು ವಾರಸುದಾರರು. 2005ರ ತಿದ್ದುಪಡಿ ಬಂದ ಮೇಲಂತೂ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಅಕ್ಕನನ್ನು ಬಿಟ್ಟು ಪೌತಿ ಖಾತೆ (ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಬರೆಸುವುದು) ಮಾಡಿಸೋಣ ಅಂತ ಯಾರೇ ಹೇಳಲಿ, ಒಪ್ಪಬೇಡ.

ಖಾತೆ ಆಯ್ತು ಅಂದರೆ ಒಡೆತನ ಗಟ್ಟಿಯಾಯ್ತು ಅಂತಲೂ ಅಲ್ಲ. ಪಹಣಿಯಲ್ಲಿ ಬರೆದದ್ದನ್ನು ಕಾನೂನು ನಿಜವೆಂದೇ ಹಿಡಿಯುತ್ತದೆ, ಆದರೆ ತಪ್ಪೆಂದು ರುಜುವಾತಾಗುವ ತನಕ ಮಾತ್ರ. ಹಾಗಾಗಿ ಅಜ್ಜನ ಕಾಲದ ವಿಭಾಗ ಪತ್ರ, ಕ್ರಯಪತ್ರ ಏನಿದ್ದರೂ ಟ್ರಂಕಿನಿಂದ ಹೊರಗೆ ತೆಗೆಸು. ಹಾಗಂತ ಪೌತಿ ಖಾತೆಯನ್ನು ಮುಂದಕ್ಕೆ ಹಾಕಬೇಡ. ತೀರಿಹೋದವರ ಹೆಸರಲ್ಲೇ ಪಹಣಿ ಉಳಿದರೆ ಬೆಳೆಸಾಲಕ್ಕೂ ಅಲೆದಾಟ, ಕೊಳೆರೋಗಕ್ಕೆ ಪರಿಹಾರ ಬಂದರೆ ಅದಕ್ಕೂ ಅಲೆದಾಟ.

ಮರಣ ಪ್ರಮಾಣಪತ್ರದ ಜೊತೆ ವಂಶವೃಕ್ಷವೂ ಬೇಕು. ಅದಕ್ಕೆ ಅಕ್ಕನ ಆಧಾರ್ ಕೇಳುತ್ತಾರೆ, ಈಗಲೇ ತರಿಸಿಕೋ. ಹಬ್ಬಕ್ಕೆ ಬರುವಾಗ ಕಚೇರಿ ತೆರೆದಿರುವ ದಿನ ನೋಡಿ ರಜೆ ಹಾಕು, ನಾಡಕಚೇರಿಗೆ ನಾನೂ ಬರ್ತೇನೆ. ದೊಡ್ಡಪ್ಪನ ಹತ್ತಿರ ನೀನೇ ಮೊದಲು ಮಾತಾಡು, ಬೇರೆಯವರ ಬಾಯಿಂದ ಕೇಳಿದರೆ ಅವರಿಗೆ ಬೇಜಾರಾದೀತು.

ನಿನ್ನ,
ಸುಬ್ಬು